ಕುತ್ತಿಗೆಯ ಮೇಲಿಂದಲೇ ಧ್ವನಿಪೆಟ್ಟಿಗೆ ನೋಡುವುದು: ಅಲ್ಟ್ರಾಸೌಂಡ್ ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ದನಿ ಒಡೆದಿದೆ ಎಂದು ಬಂದವರ ಕುತ್ತಿಗೆಯ ಮೇಲೆ ಪ್ರೋಬ್, ಅಂದರೆ ಸ್ಕ್ಯಾನಿಂಗ್ ಮೆಷಿನ್‌ನ ಕೈಯಲ್ಲಿ ಹಿಡಿಯುವ ಭಾಗ, ಇಡುವ ಮೊದಲು ಒಂದು ವಿಷಯ ತೀರ್ಮಾನ ಆಗಬೇಕು. ನಾವು ಹುಡುಕುತ್ತಿರುವುದು ಏನು? ಅಲ್ಟ್ರಾಸೌಂಡ್ ಒಂದು ಪ್ರಶ್ನೆಗೆ ತುಂಬಾ ಚೆನ್ನಾಗಿ ಉತ್ತರ ಕೊಡುತ್ತದೆ: ಎರಡೂ ಧ್ವನಿತಂತುಗಳು ಅಲ್ಲಾಡುತ್ತಿವೆಯೇ? ಉಳಿದ ಬಹಳಷ್ಟು ಪ್ರಶ್ನೆಗಳಿಗೆ ಅದರ ಉತ್ತರ ಅರೆಬರೆ. ಕೆಲವಕ್ಕಂತೂ ಉತ್ತರವೇ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಈ ಪರೀಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ. ಒಪ್ಪದೆ ಹೋದರೆ ರೋಗಿಗೆ ಸುಳ್ಳು ಧೈರ್ಯ ಹೇಳಿ ಕಳಿಸುವ ಅಪಾಯ ಇದೆ.

ಈ ಬರಹ ಕುತ್ತಿಗೆಯ ಸ್ಕ್ಯಾನಿಂಗ್ ಸ್ವಲ್ಪ ಗೊತ್ತಿರುವ, ಆದರೆ ಧ್ವನಿಪೆಟ್ಟಿಗೆಯ ಕಡೆ ಪ್ರೋಬ್ ತಿರುಗಿಸದ ವೈದ್ಯರಿಗೆ. ಪರೀಕ್ಷೆ ಮಾಡಿಸಿಕೊಳ್ಳಲಿರುವವರು ಓದಿದರೂ ಒಳಗೆ ಏನು ನಡೆಯುತ್ತದೆ ಎಂಬುದು ಅರ್ಥವಾದೀತು.

ಯಾರಿಗೆ ಮಾಡಬೇಕು, ಯಾರನ್ನು ಬೇರೆ ಕಡೆ ಕಳಿಸಬೇಕು

ಧ್ವನಿಪೆಟ್ಟಿಗೆಯನ್ನು ನೋಡಲು ಇಂದಿಗೂ ಮುಖ್ಯ ದಾರಿ ಲ್ಯಾರಿಂಗೋಸ್ಕೋಪಿಯೇ. ಅಂದರೆ ಮೂಗು ಅಥವಾ ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ಕಣ್ಣಾರೆ ನೋಡುವುದು. ಹಾಡು ಕಲಿಸುತ್ತಿದ್ದ ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ಒಂದು ಪುಟ್ಟ ಕನ್ನಡಿ ಮತ್ತು ಬಿಸಿಲಿನ ಸಹಾಯದಿಂದ ತನ್ನದೇ ಧ್ವನಿತಂತುಗಳನ್ನು ನೋಡಿಕೊಂಡ. ಅಂದಿನಿಂದ ಉಪಕರಣ ಬದಲಾಗಿದೆ, ತತ್ವ ಬದಲಾಗಿಲ್ಲ. ಮೇಲ್ಪದರದ ಬಣ್ಣ, ಕೆಂಪು, ಬಿಳಿ ಮಚ್ಚೆ, ಸಣ್ಣ ಹುಣ್ಣು ಇವೆಲ್ಲ ಕಣ್ಣಿಗೆ ಮಾತ್ರ ಕಾಣುವಂಥವು. ಶಬ್ದದ ಅಲೆಗಳಿಗೆ ಬಣ್ಣ ಗೊತ್ತಾಗುವುದಿಲ್ಲ, ಅಲ್ವಾ?

ಹಾಗಾದರೆ ಅಲ್ಟ್ರಾಸೌಂಡ್ ಎಲ್ಲಿಗೆ ಬೇಕು? ಥೈರಾಯ್ಡ್ ಆಪರೇಷನ್‌ಗೆ ಮೊದಲು ಮತ್ತು ನಂತರ ಧ್ವನಿತಂತುಗಳ ಚಲನೆ ನೋಡಲು. ಮೂಗಿನಲ್ಲಿ ಕ್ಯಾಮೆರಾ ಹಾಕಲು ಬಿಡದ ಮಕ್ಕಳಲ್ಲಿ. ವಾಕರಿಕೆ ತಡೆಯಲಾಗದ ದೊಡ್ಡವರಲ್ಲಿ. ಐಸಿಯುನಲ್ಲಿ ಉಸಿರಿನ ಟ್ಯೂಬ್ ತೆಗೆದ ಮೇಲೆ ದನಿ ಬಾರದವರಲ್ಲಿ. ಕುತ್ತಿಗೆಯಲ್ಲಿ ಗಡ್ಡೆ ಇದ್ದು ಅದು ಧ್ವನಿಪೆಟ್ಟಿಗೆಯ ಒಳಗಿನದೋ ಹೊರಗಿನದೋ ತಿಳಿಯಬೇಕಾದಾಗ. ಕೋವಿಡ್ ಕಾಲದಲ್ಲಿ ಕ್ಯಾಮೆರಾ ಹಾಕಿದಾಗ ರೋಗಿ ಕೆಮ್ಮಿ ಸೋಂಕು ಹರಡುವ ಭಯ ಇತ್ತು. ಆಗ ಈ ಪರೀಕ್ಷೆಯ ಕಡೆ ಗಮನ ಇನ್ನೂ ಜಾಸ್ತಿ ಆಯಿತು.

ದನಿ ಬದಲಾಗಿ 4 ವಾರ ಕಳೆದರೂ ಸರಿಹೋಗದಿದ್ದರೆ ಲ್ಯಾರಿಂಗೋಸ್ಕೋಪಿ ಆಗಲೇಬೇಕು. ತಂಬಾಕು ಚಟ ಇದ್ದರೆ, ನುಂಗುವಾಗ ನೋವಿದ್ದರೆ, ಕಫದಲ್ಲಿ ರಕ್ತ ಬಂದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ 4 ವಾರ ಕಾಯುವುದೂ ಬೇಡ. ಇಂಥವರಿಗೆ ಅಲ್ಟ್ರಾಸೌಂಡ್ ಮಾಡಿ ‘ಎಲ್ಲ ಚೆನ್ನಾಗಿದೆ’ ಎಂದು ಬರೆದುಕೊಟ್ಟರೆ ಅದು ಉಪಕಾರ ಅಲ್ಲ. ಉಸಿರೆಳೆಯುವಾಗ ಸೀಟಿಯಂಥ ಸದ್ದು ಬರುತ್ತಿದ್ದರೆ ಅದು ತುರ್ತು. ಮೊದಲು ಉಸಿರಿನ ದಾರಿ ಕಾಯಬೇಕು, ಸ್ಕ್ಯಾನಿಂಗ್ ಆಮೇಲೆ.

ಪ್ರೋಬ್ ಹಿಡಿಯುವ ಮುನ್ನ ತಲೆಯಲ್ಲಿ ಇರಬೇಕಾದ ನಕ್ಷೆ

ಕುತ್ತಿಗೆಯ ನಡುವೆ ಮೇಲಿನಿಂದ ಕೆಳಗೆ ಬೆರಳು ಎಳೆಯಿರಿ. ಮೊದಲು ಹಯಾಯ್ಡ್ ಮೂಳೆ. ಅದರ ಕೆಳಗೆ ಥೈರಾಯ್ಡ್ ಕಾರ್ಟಿಲೇಜ್ (ಮೆದುಮೂಳೆ, ಥೈರಾಯ್ಡ್ ಗ್ರಂಥಿ ಅಲ್ಲ), ಅಂದರೆ ಗಂಡಸರ ಕುತ್ತಿಗೆಯಲ್ಲಿ ಎದ್ದು ಕಾಣುವ ಉಬ್ಬು. ಅದರ ಕೆಳಗೆ ಬೆರಳಿಗೆ ಸಿಗುವ ಸಣ್ಣ ತಗ್ಗು. ಆಮೇಲೆ ಉಂಗುರದಂತಿರುವ ಕ್ರೈಕಾಯ್ಡ್. ಅಲ್ಲಿಂದ ಕೆಳಗೆ ಶ್ವಾಸನಾಳ.

ಥೈರಾಯ್ಡ್ ಕಾರ್ಟಿಲೇಜ್ ಎರಡು ಹಲಗೆಗಳು ಮುಂದೆ ಕೂಡಿದಂತೆ ಇದೆ. ಗಂಡಸರಲ್ಲಿ ಈ ಕೋನ ಸುಮಾರು 90 ಡಿಗ್ರಿ, ಹೆಂಗಸರಲ್ಲಿ ಸುಮಾರು 120 ಡಿಗ್ರಿ. ಈ ಎರಡು ಸಂಖ್ಯೆ ನೆನಪಿರಲಿ. ಗಂಡಸರ ಕುತ್ತಿಗೆಯಲ್ಲಿ ಚಿತ್ರ ಯಾಕೆ ಸತಾಯಿಸುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಚೂಪು ಕೋನದ ಮೇಲೆ ಚಪ್ಪಟೆ ಪ್ರೋಬ್ ಇಟ್ಟರೆ ಎರಡೂ ಪಕ್ಕ ಗಾಳಿ ಉಳಿಯುತ್ತದೆ. ಇನ್ನರ್ಧ ಉತ್ತರ ಸುಣ್ಣ. ವಯಸ್ಸಾದಂತೆ ಈ ಕಾರ್ಟಿಲೇಜ್ ಗಟ್ಟಿಯಾಗಿ ಮೂಳೆಯಂತಾಗುತ್ತದೆ, ಅಲೆಗಳನ್ನು ಒಳಗೆ ಬಿಡುವುದಿಲ್ಲ.

ಒಳಗೆ ಎರಡು ಜೊತೆ ಮಡಿಕೆಗಳಿವೆ. ಮೇಲಿನ ಜೊತೆಗೆ ಫಾಲ್ಸ್ ಕಾರ್ಡ್ ಎನ್ನುತ್ತಾರೆ. ಅದರಲ್ಲಿ ಕೊಬ್ಬು ಮತ್ತು ಗ್ರಂಥಿಗಳು ಜಾಸ್ತಿ, ಹಾಗಾಗಿ ಪರದೆಯಲ್ಲಿ ಬೆಳ್ಳಗೆ ಕಾಣುತ್ತದೆ. ಕೆಳಗಿನ ಜೊತೆ ನಿಜವಾದ ಧ್ವನಿತಂತುಗಳು, ಅಂದರೆ ಟ್ರೂ ಕಾರ್ಡ್. ಇವು ಮುಖ್ಯವಾಗಿ ಸ್ನಾಯು, ಹಾಗಾಗಿ ಕಪ್ಪಗೆ ಕಾಣುತ್ತವೆ. ಒಳ ಅಂಚಿನಲ್ಲಿ ಮಾತ್ರ ತೆಳುವಾದ ಬಿಳಿ ಗೆರೆ ಇರುತ್ತದೆ. ಹಿಂಭಾಗದಲ್ಲಿ ಎರಡು ಪುಟ್ಟ ಬಿಳಿ ಉಬ್ಬುಗಳು ಸಿಗುತ್ತವೆ. ಅವು ಆರಿಟನಾಯ್ಡ್‌ಗಳು. ಧ್ವನಿತಂತುಗಳನ್ನು ತೆರೆಯುವ ಮುಚ್ಚುವ ಕೀಲು ಇರುವುದು ಇವುಗಳ ಬುಡದಲ್ಲಿ.

ಇನ್ನು ನರಗಳು. ಧ್ವನಿಪೆಟ್ಟಿಗೆಯ ಒಳ ಸ್ನಾಯುಗಳಲ್ಲಿ ಕ್ರೈಕೋಥೈರಾಯ್ಡ್ ಒಂದನ್ನು ಬಿಟ್ಟು ಉಳಿದವೆಲ್ಲ ರಿಕರೆಂಟ್ ಲ್ಯಾರಿಂಜಿಯಲ್ ನರದ ಕೈಯಲ್ಲಿವೆ. ಬಲಗಡೆಯ ನರ ಸಬ್‌ಕ್ಲೇವಿಯನ್ ರಕ್ತನಾಳವನ್ನು ಸುತ್ತಿ ಮೇಲೆ ಬರುತ್ತದೆ. ಎಡಗಡೆಯದು ಎದೆಯೊಳಗೆ ಇಳಿದು ಮಹಾಧಮನಿಯ ಕಮಾನನ್ನು ಸುತ್ತಿ ವಾಪಸ್ ಬರುತ್ತದೆ. ಅಷ್ಟು ಉದ್ದದ ದಾರಿ ಇರುವುದರಿಂದ ಎದೆಯ ಕಾಯಿಲೆಗಳು ಎಡ ಧ್ವನಿತಂತುವನ್ನು ಕೆಡಿಸುವುದು ಹೆಚ್ಚು.

ಹಂತ 1: ಮೊದಲು ಮಾತಾಡಿಸಿ

ಸ್ಕ್ಯಾನಿಂಗ್ ಕೋಣೆಯಲ್ಲಿ ಎಲ್ಲರೂ ಬಿಡುವ ಹಂತ ಇದು. ರೋಗಿ ಮಾತಾಡಲಿ, ನೀವು ಕೇಳಿ. ದನಿ ಗಾಳಿ ಸೋರಿದಂತೆ ಇದೆಯೇ, ಗೊಗ್ಗರಾಗಿದೆಯೇ, ಬಿಗಿದಿದೆಯೇ? ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ? ಒಂದು ಸಲ ಜೋರಾಗಿ ಕೆಮ್ಮಲು ಹೇಳಿ. ಗಾಳಿ ಸೋರುವ ದನಿ, ಜೊತೆಗೆ ಬಲವಿಲ್ಲದ ಕೆಮ್ಮು ಇದ್ದರೆ ಒಂದು ಧ್ವನಿತಂತು ನಡುವಿಗೆ ಬರುತ್ತಿಲ್ಲ ಎಂಬ ಅನುಮಾನ ಬಲವಾಗಬೇಕು.

ಇದಕ್ಕೆ ತದ್ವಿರುದ್ಧವೂ ನಿಜ. ದನಿ ಪೂರ್ತಿ ಸರಿಯಿದ್ದೂ ಒಂದು ಧ್ವನಿತಂತು ನಿಂತಿರಬಹುದು. ನಿಂತದ್ದು ನಡುವಿಗೆ ಹತ್ತಿರವೇ ನಿಂತಿದ್ದರೆ ಇನ್ನೊಂದು ಬಂದು ಅದಕ್ಕೆ ತಾಗುತ್ತದೆ, ದನಿ ಬಂದುಬಿಡುತ್ತದೆ. ಥೈರಾಯ್ಡ್ ಆಪರೇಷನ್‌ಗೆ ಮೊದಲು ದನಿ ಕೇಳಿ ಸಮಾಧಾನ ಪಟ್ಟರೆ ಸಾಲದು ಎನ್ನುವುದು ಇದಕ್ಕೇ.

ಹಂತ 2: ಮಲಗಿಸುವುದು, ಮೆಷಿನ್ ಹೊಂದಿಸುವುದು

ರೋಗಿ ಅಂಗಾತ ಮಲಗಲಿ. ಭುಜದ ಕೆಳಗೆ ತೆಳು ದಿಂಬು ಕೊಟ್ಟು ಕುತ್ತಿಗೆ ಸ್ವಲ್ಪ ಹಿಂದಕ್ಕೆ ಬಾಗುವಂತೆ ಮಾಡಿ. ಜಾಸ್ತಿ ಬಾಗಿಸಬೇಡಿ. ಮುಂದಿನ ಸ್ನಾಯುಗಳು ಬಿಗಿದರೆ ಪ್ರೋಬ್ ಕೂರುವುದಿಲ್ಲ, ದನಿಯೂ ಸಹಜವಾಗಿ ಹೊರಡುವುದಿಲ್ಲ. ಉಸಿರಾಟದ ತೊಂದರೆ ಇರುವವರನ್ನು ಬಲವಂತವಾಗಿ ಮಲಗಿಸಬೇಡಿ. ಒರಗಿ ಕೂತರೂ ಪರೀಕ್ಷೆ ಆಗುತ್ತದೆ.

ಪ್ರೋಬ್ ಲೀನಿಯರ್ (ಚಪ್ಪಟೆ ಮುಖದ್ದು) ಆಗಿರಲಿ. ಥೈರಾಯ್ಡ್ ನೋಡಲು ಬಳಸುವುದೇ ಸಾಕು. ದೊಡ್ಡವರಿಗೆ 7ರಿಂದ 12 ಮೆಗಾಹರ್ಟ್ಜ್, ಪುಟ್ಟ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ಫ್ರೀಕ್ವೆನ್ಸಿ. ಡೆಪ್ತ್ 3ರಿಂದ 4 ಸೆಂಟಿಮೀಟರ್, ಫೋಕಸ್ 2 ಸೆಂಟಿಮೀಟರ್ ಆಸುಪಾಸು. ಥೈರಾಯ್ಡ್ ಪ್ರೀಸೆಟ್‌ನಿಂದ ಶುರು ಮಾಡಿ, ಗೇನ್ ಸ್ವಲ್ಪ ಏರಿಸಿ. ಪರ್ಸಿಸ್ಟೆನ್ಸ್ (ಹಿಂದಿನ ಚಿತ್ರಗಳನ್ನು ಬೆರೆಸಿ ತೋರಿಸುವುದು) ಇಳಿಸಿ, ಇಲ್ಲದಿದ್ದರೆ ವೇಗದ ಚಲನೆ ಮಸುಕಾಗಿ ಕಲಸಿಹೋಗುತ್ತದೆ. ಫ್ರೇಮ್ ರೇಟ್ ಎಷ್ಟು ಸಿಗುತ್ತದೋ ಅಷ್ಟು ಇಟ್ಟುಕೊಳ್ಳಿ. ಅದಕ್ಕಾಗಿ ಚಿತ್ರದ ಅಗಲ ಕಡಿಮೆ ಮಾಡಬೇಕಾದರೂ ಪರವಾಗಿಲ್ಲ.

ಜೆಲ್ ವಿಷಯದಲ್ಲಿ ಜಿಪುಣತನ ಬೇಡ. ಉಬ್ಬಿನ ಎರಡೂ ಪಕ್ಕದ ಹಳ್ಳ ತುಂಬುವಷ್ಟು ಹಾಕಿ. ಪ್ರೋಬನ್ನು ಆ ಜೆಲ್ ಮೇಲೆ ತೇಲಿಸಿದಂತೆ ಹಿಡಿಯಿರಿ, ಒತ್ತಬೇಡಿ. ಒತ್ತಿದರೆ ರೋಗಿಗೆ ಕೆಮ್ಮು ಬರುತ್ತದೆ, ಧ್ವನಿಪೆಟ್ಟಿಗೆ ಒಂದು ಕಡೆಗೆ ಸರಿದು ಇಲ್ಲದ ವ್ಯತ್ಯಾಸ ಕಾಣಿಸುತ್ತದೆ.

ಆಮೇಲೆ ಎಡ ಬಲ ಖಾತ್ರಿ ಮಾಡಿಕೊಳ್ಳಿ. ಪ್ರೋಬ್‌ನ ಮಾರ್ಕರ್ ರೋಗಿಯ ಬಲಕ್ಕೆ ಇರಬೇಕು. ಪರದೆಯ ಎಡಭಾಗ ಅಂದರೆ ರೋಗಿಯ ಬಲಭಾಗ. ಪ್ರೋಬ್‌ನ ಒಂದು ತುದಿಯನ್ನು ಬೆರಳಿನಿಂದ ತಟ್ಟಿ ಪರದೆಯಲ್ಲಿ ಯಾವ ಕಡೆ ಅಲ್ಲಾಡುತ್ತದೆ ನೋಡಿ. ಎರಡು ಸೆಕೆಂಡಿನ ಕೆಲಸ. ಚಲನೆ ಇಲ್ಲ ಎಂದು ಸರಿಯಾಗಿಯೇ ಗುರುತಿಸಿ ಎಡಕ್ಕೆ ಬದಲು ಬಲ ಎಂದು ಬರೆಯುವಷ್ಟು ಕೆಟ್ಟ ತಪ್ಪು ಈ ಪರೀಕ್ಷೆಯಲ್ಲಿ ಇನ್ನೊಂದಿಲ್ಲ.

ಹಂತ 3: ಮೇಲಿನಿಂದ ಕೆಳಗೆ ಒಂದು ಸುತ್ತು

ನೇರವಾಗಿ ಧ್ವನಿತಂತುಗಳಿಗೆ ಹಾರಬೇಡಿ. ಪ್ರೋಬನ್ನು ಅಡ್ಡ ಹಿಡಿದು ಹಯಾಯ್ಡ್‌ನಿಂದ ಶುರು ಮಾಡಿ. ಬೆಳ್ಳಗಿನ ಕಮಾನು, ಅದರ ಹಿಂದೆ ಕಪ್ಪು ನೆರಳು, ಅದೇ ಹಯಾಯ್ಡ್. ಸ್ವಲ್ಪ ಕೆಳಗೆ ಇಳಿದರೆ ಎಪಿಗ್ಲಾಟಿಸ್ (ನುಂಗುವಾಗ ಉಸಿರಿನ ದಾರಿ ಮುಚ್ಚುವ ಮುಚ್ಚಳ) ಕಪ್ಪು ಬಾಗಿದ ಪಟ್ಟಿಯಂತೆ ಸಿಗುತ್ತದೆ. ಅದರ ಮುಂದೆ ಬೆಳ್ಳಗಿನ ಕೊಬ್ಬು, ಹಿಂದೆ ಗಾಳಿ ತಾಗುವ ಹೊಳೆಯುವ ಗೆರೆ. ನಾಲಿಗೆ ಹೊರಗೆ ಚಾಚಿಸಿದರೆ ಅದು ಕದಲುತ್ತದೆ, ಗುರುತು ಹಿಡಿಯಲು ಸುಲಭ.

ಇನ್ನೂ ಕೆಳಗೆ ಬಂದಾಗ ಥೈರಾಯ್ಡ್ ಕಾರ್ಟಿಲೇಜ್ ತಲೆಕೆಳಗಾದ ‘ವಿ’ ಅಕ್ಷರದಂತೆ ನಿಲ್ಲುತ್ತದೆ. ನಮ್ಮ ಕೆಲಸ ಇರುವುದು ಇದರೊಳಗೆ. ಆದರೂ ಈ ಸುತ್ತಿನಲ್ಲಿ ನಿಲ್ಲದೆ ಕ್ರೈಕಾಯ್ಡ್ ದಾಟಿ ಶ್ವಾಸನಾಳದವರೆಗೆ ಹೋಗಿ. ಕ್ರೈಕಾಯ್ಡ್ ಮಟ್ಟದಲ್ಲಿ ಗಾಳಿಯ ಅಗಲ ಎಷ್ಟಿದೆ ನೋಡಿ. ಹಿಂದೆ ಬಹಳ ದಿನ ಟ್ಯೂಬ್ ಹಾಕಿಸಿಕೊಂಡವರಲ್ಲಿ ಇಲ್ಲೇ ಕಿರಿದಾಗಿರುವ ಸಾಧ್ಯತೆ ಇದೆ. ಗಾಳಿಯ ಹಿಂದಿರುವ ಯಾವುದೂ ಕಾಣುವುದಿಲ್ಲ ಎಂಬುದು ಇಲ್ಲಿ ಅನುಭವಕ್ಕೆ ಬರುತ್ತದೆ. ಧ್ವನಿಪೆಟ್ಟಿಗೆಯ ಹಿಂಗೋಡೆ ಈ ಪರೀಕ್ಷೆಗೆ ಕುರುಡು ಜಾಗ.

ಹಂತ 4: ಧ್ವನಿತಂತುಗಳ ಮಟ್ಟಕ್ಕೆ ಬರುವುದು

ಈಗ ವಾಪಸ್ ಥೈರಾಯ್ಡ್ ಕಾರ್ಟಿಲೇಜ್‌ನ ನಡು ಎತ್ತರಕ್ಕೆ ಬನ್ನಿ. ಪ್ರೋಬನ್ನು ಅಲ್ಲೇ ಇಟ್ಟು ಮಣಿಕಟ್ಟು ಮಾತ್ರ ಆಡಿಸಿ. ಸ್ವಲ್ಪ ತಲೆಯ ಕಡೆ, ಸ್ವಲ್ಪ ಎದೆಯ ಕಡೆ ಓರೆ ಮಾಡಿ. ಮೊದಲು ಬೆಳ್ಳಗಿನ ಫಾಲ್ಸ್ ಕಾರ್ಡ್‌ಗಳು ಸಿಗುತ್ತವೆ. ಇನ್ನಷ್ಟು ಕೆಳಗೆ ಓರೆಯಾದರೆ ಕಪ್ಪು ಧ್ವನಿತಂತುಗಳು ತ್ರಿಕೋನದ ಎರಡು ಬದಿಗಳಂತೆ ಬರುತ್ತವೆ. ಮುಂದೆ ಎರಡೂ ಸೇರುವ ತುದಿ ಪರದೆಯ ಮೇಲ್ಗಡೆ, ಆರಿಟನಾಯ್ಡ್‌ಗಳು ಕೆಳಗಡೆ.

ಚಿತ್ರ ಎರಡೂ ಕಡೆ ಒಂದೇ ಸಮ ಇರುವಂತೆ ನೋಡಿಕೊಳ್ಳಿ. ಪ್ರೋಬ್ ಓರೆಯಾಗಿ ಕೂತರೆ ಒಂದು ಕಡೆ ಫಾಲ್ಸ್ ಕಾರ್ಡ್, ಇನ್ನೊಂದು ಕಡೆ ಧ್ವನಿತಂತು ಬರುತ್ತದೆ. ಎರಡನ್ನೂ ಹೋಲಿಸಿ ಕಾಯಿಲೆ ಇದೆ ಎಂದುಕೊಳ್ಳುತ್ತೇವೆ. ಅನುಮಾನ ಬಂದರೆ ಕುತ್ತಿಗೆಯ ಮುಂದಿನ ಪಟ್ಟಿ ಸ್ನಾಯುಗಳನ್ನು ನೋಡಿ. ಅವು ಎರಡೂ ಕಡೆ ಒಂದೇ ದಪ್ಪ ಕಂಡರೆ ಪ್ರೋಬ್ ನೇರವಾಗಿದೆ.

ಎಲ್ಲರಲ್ಲೂ ಮೂರೂ ಗುರುತು ಸಿಗಬೇಕೆಂದು ಹಟ ಹಿಡಿಯಬೇಡಿ. ಫಾಲ್ಸ್ ಕಾರ್ಡ್, ಟ್ರೂ ಕಾರ್ಡ್, ಆರಿಟನಾಯ್ಡ್ ಈ ಮೂರರಲ್ಲಿ ಯಾವುದಾದರೂ ಒಂದು ಎರಡೂ ಕಡೆ ಸ್ಪಷ್ಟವಾಗಿ ಕಂಡು, ಅದರ ಚಲನೆ ತಿಳಿದರೆ ಚಲನೆಯ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಬಹಳ ಜನರಲ್ಲಿ ಮೊದಲು ಸಿಗುವುದು ಫಾಲ್ಸ್ ಕಾರ್ಡ್. ನನ್ನ ಆಯ್ಕೆ ಆರಿಟನಾಯ್ಡ್, ಸಿಕ್ಕರೆ. ಚಲನೆ ಹುಟ್ಟುವ ಕೀಲೇ ಅಲ್ಲಿ ಇರುವುದರಿಂದ ಅದು ಮೋಸ ಮಾಡುವುದು ಕಡಿಮೆ.

ಹಂತ 5: ಚಲನೆ ನೋಡುವುದು

ಇಡೀ ಪರೀಕ್ಷೆಯ ತಿರುಳು ಇದು. ಇಲ್ಲಿ ಅವಸರ ಬೇಡ.

ಮೊದಲು ಸುಮ್ನೆ ಉಸಿರಾಡಲು ಬಿಡಿ. ಏನೂ ಹೇಳಬೇಡಿ. ಉಸಿರು ಎಳೆದಾಗ ಎರಡೂ ಕಡೆ ಹೊರಕ್ಕೆ ಸರಿಯಬೇಕು, ಬಿಟ್ಟಾಗ ಸ್ವಲ್ಪ ಒಳಕ್ಕೆ ಬರಬೇಕು. ನಿಧಾನ ಉಸಿರಿನಲ್ಲಿ ಈ ಚಲನೆ ಬಹಳ ಸಣ್ಣದು. ಕಾಣದಿದ್ದರೆ ಮೂಗಿನಿಂದ ಗಕ್ಕನೆ ಉಸಿರೆಳೆಯಲು ಹೇಳಿ, ಹೂವಿನ ವಾಸನೆ ನೋಡುವಂತೆ. ಆಗ ಎರಡೂ ಚೆನ್ನಾಗಿ ತೆರೆದುಕೊಳ್ಳುತ್ತವೆ.

ಎರಡನೆಯದು ದನಿ. ‘ಈ’ ಎಂದು ಎಳೆದು ಹೇಳಲಿ, ಮಾಮೂಲಿ ಶ್ರುತಿಯಲ್ಲಿ. ‘ಆ’ ಹೇಳಿಸಿದರೆ ದವಡೆ ಇಳಿದು ಪ್ರೋಬ್ ಕದಲುತ್ತದೆ. ದನಿ ಏರಿಸಿದರೆ ಇಡೀ ಧ್ವನಿಪೆಟ್ಟಿಗೆ ಮೇಲೆ ಹೋಗಿ ಚಿತ್ರ ತಪ್ಪುತ್ತದೆ. ‘ಈ’ ಶುರುವಾದ ಕ್ಷಣದಲ್ಲೇ ಎರಡೂ ಕಡೆಯವು ನಡುವಿಗೆ ಬಂದು ಸೇರಬೇಕು. ಬರುವ ವೇಗ ನೋಡಿ, ಎಷ್ಟು ದೂರ ಬಂತು ನೋಡಿ. ಒಂದು ಹಿಂದೆ ಬಿತ್ತೇ?

ಮೂರನೆಯದು ಉಸಿರು ಬಿಗಿಹಿಡಿದು ಮುಕ್ಕುವುದು. ಬಾಯಿ ಮುಚ್ಚಿ ಭಾರ ಎತ್ತುವವರಂತೆ ಮುಕ್ಕಲು ಹೇಳಿ. ಆಗ ಫಾಲ್ಸ್ ಕಾರ್ಡ್‌ಗಳೂ ಒಟ್ಟಿಗೆ ಮುಚ್ಚುತ್ತವೆ. ದನಿ ಹೊರಡಿಸಲಾಗದವರಲ್ಲಿ, ‘ಈ’ ಹೇಳುವಾಗ ಚಿತ್ರ ನಿಲ್ಲದವರಲ್ಲಿ ಇದು ಕೈಹಿಡಿಯುತ್ತದೆ. ಹೃದಯದ ಕಾಯಿಲೆ ಇದ್ದವರಲ್ಲಿ, ಇತ್ತೀಚೆಗೆ ಆಪರೇಷನ್ ಆದವರಲ್ಲಿ ಜೋರಾಗಿ ಮುಕ್ಕಿಸಬೇಡಿ.

ಕಡೆಗೆ ಎರಡನ್ನು ಬೆಸೆಯಿರಿ: ಗಕ್ಕನೆ ಮೂಗಿನಿಂದ ಉಸಿರು, ತಕ್ಷಣ ‘ಈ’, ಮತ್ತೆ ಉಸಿರು, ಮತ್ತೆ ‘ಈ’. ಪೂರ್ತಿ ತೆರೆದದ್ದು ಪೂರ್ತಿ ಮುಚ್ಚಬೇಕು. ಬಲ ಕಡಿಮೆಯಾದ ಕಡೆ ಇದ್ದರೆ ಕೆಲವು ಸುತ್ತಿನ ನಂತರ ಸೋಲಲು ಶುರುವಾಗುತ್ತದೆ. ಈ ಭಾಗವನ್ನು ವಿಡಿಯೊ ಕ್ಲಿಪ್ ಆಗಿ ಉಳಿಸಿ. ನಿಂತ ಚಿತ್ರ ಎಷ್ಟೇ ಚಂದ ಇದ್ದರೂ ಚಲನೆಗೆ ಸಾಕ್ಷಿ ಅಲ್ಲ.

ದಾಖಲಿಸಲು ಮೂರು ದರ್ಜೆ ಸಾಕು. ಎರಡೂ ಕಡೆ ಸಮನಾಗಿ ಅಲ್ಲಾಡಿದರೆ ಒಂದನೆಯದು. ಯಾವುದಾದರೂ ಕಡೆ ಚಲನೆ ಕಡಿಮೆ ಇದ್ದರೆ ಎರಡನೆಯದು. ಒಂದು ಕಡೆಯಾದರೂ ಚಲನೆಯೇ ಇಲ್ಲದಿದ್ದರೆ ಮೂರನೆಯದು. ಎರಡು ಮತ್ತು ಮೂರನೇ ದರ್ಜೆಯವರು ಲ್ಯಾರಿಂಗೋಸ್ಕೋಪಿಗೆ ಹೋಗಬೇಕು.

ಈಗ ಮೋಸ ಹೋಗುವ ಜಾಗಗಳು. ನುಂಗಿದಾಗ, ಜೋರಾಗಿ ಉಸಿರೆಳೆದಾಗ ಇಡೀ ಧ್ವನಿಪೆಟ್ಟಿಗೆ ಮೇಲೆ ಕೆಳಗೆ ಹೋಗುತ್ತದೆ. ಒಳಗಿನದು ಅಲ್ಲಾಡದಿದ್ದರೂ ಅಲ್ಲಾಡಿದಂತೆ ಕಾಣುತ್ತದೆ. ಹಾಗಾಗಿ ಪರದೆಯ ಅಂಚಿಗೆ ಹೋಲಿಸಬೇಡಿ, ಥೈರಾಯ್ಡ್ ಕಾರ್ಟಿಲೇಜ್‌ಗೆ ಹೋಲಿಸಿ. ಕಾರ್ಟಿಲೇಜ್ ಮತ್ತು ಧ್ವನಿತಂತುವಿನ ನಡುವಿನ ದೂರ ಬದಲಾಯಿತೇ ಎಂಬುದೇ ಪ್ರಶ್ನೆ. ಇನ್ನೊಂದು: ಸರಿಯಿರುವ ಕಡೆ ನಡುಗೆರೆ ದಾಟಿ ಬಂದು ನಿಂತ ಕಡೆಯನ್ನು ತಳ್ಳುತ್ತದೆ. ಆ ತಳ್ಳಾಟ ಚಲನೆಯಂತೆ ಕಾಣುತ್ತದೆ. ತಾಗುವ ಮೊದಲೇ ಹೊರಟಿತೇ, ತಾಗಿದ ಮೇಲೆ ಹೊರಟಿತೇ ಎಂದು ಕ್ಲಿಪ್ಪನ್ನು ನಿಧಾನ ಮಾಡಿ ನೋಡಿ.

ಎಲ್ಲಕ್ಕಿಂತ ಅಪಾಯದ್ದು ಎರಡೂ ಕಡೆ ನಿಂತಿರುವುದು. ಎಡ ಬಲ ಹೋಲಿಸುವ ಅಭ್ಯಾಸವಿರುವ ಕಣ್ಣಿಗೆ ಅದು ‘ಸಮ’ ಎಂದೇ ಕಾಣುತ್ತದೆ. ಎರಡೂ ನಡುವಿನ ಹತ್ತಿರ ನಿಂತಿದ್ದರೆ ದನಿ ಹೆಚ್ಚು ಕೆಟ್ಟಿರುವುದಿಲ್ಲ, ಆದರೆ ಉಸಿರಿನ ದಾರಿ ಸೀಳಿನಷ್ಟೇ ಉಳಿದಿರುತ್ತದೆ. ಉಸಿರೆಳೆದಾಗ ತೆರೆಯಿತೇ ಎಂಬುದನ್ನು ಪ್ರತಿ ಕಡೆಗೂ ಬೇರೆಬೇರೆಯಾಗಿ ಕೇಳಿಕೊಂಡರೆ ಇದು ತಪ್ಪಿಹೋಗುವುದಿಲ್ಲ.

ಕೆಲವರಲ್ಲಿ ಉಸಿರೆಳೆದಾಗ ತೆರೆಯುವ ಬದಲು ಮುಚ್ಚುತ್ತದೆ. ಆಸ್ತಮಾ ಎಂದು ಔಷಧ ತೆಗೆದುಕೊಳ್ಳುತ್ತಿರುವ ಕೆಲವರ ನಿಜವಾದ ತೊಂದರೆ ಇದೇ ಆಗಿರುತ್ತದೆ. ತೊಂದರೆ ಎದ್ದ ಹೊತ್ತಿನಲ್ಲಿ ನೋಡಿದರೆ ಮಾತ್ರ ಸಿಗುತ್ತದೆ, ಆರಾಮಾಗಿ ಮಲಗಿದ್ದಾಗ ಎಲ್ಲ ಸರಿಯಿರುತ್ತದೆ.

ಹಂತ 6: ಚಿತ್ರ ಸಿಗದಿದ್ದಾಗ

ಹೆಂಗಸರಲ್ಲಿ, ಮಕ್ಕಳಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ. ವಯಸ್ಸಾದ ಗಂಡಸರಲ್ಲಿ ಕಾರ್ಟಿಲೇಜ್ ಬಿಳಿ ಗೋಡೆಯಂತೆ ನಿಂತು ಹಿಂದೆ ಬರೀ ಕತ್ತಲು ಬಿಡುತ್ತದೆ. ಆಗ ಒಂದೊಂದಾಗಿ ಪ್ರಯತ್ನಿಸಿ. ಜೆಲ್ ಇನ್ನಷ್ಟು ಹಾಕಿ, ಇಲ್ಲವೇ ಜೆಲ್ ಪ್ಯಾಡ್ ಇಡಿ. ಫ್ರೀಕ್ವೆನ್ಸಿ ಇಳಿಸಿ, ಗೇನ್ ಏರಿಸಿ. ಸುಣ್ಣ ಎಲ್ಲ ಕಡೆ ಒಂದೇ ಸಮ ಕೂತಿರುವುದಿಲ್ಲ, ಹಾಗಾಗಿ ಪ್ರೋಬನ್ನು ಮೇಲೆ ಕೆಳಗೆ ಸರಿಸಿ ಕಿಟಕಿ ಹುಡುಕಿ.

ಅದೂ ಆಗದಿದ್ದರೆ ಪಕ್ಕದಿಂದ ನೋಡಿ. ಪ್ರೋಬನ್ನು ನಡುಗೆರೆಯಿಂದ ತೆಗೆದು ಥೈರಾಯ್ಡ್ ಕಾರ್ಟಿಲೇಜ್‌ನ ಒಂದು ಹಲಗೆಯ ಮೇಲೆ ಚಪ್ಪಟೆಯಾಗಿ ಕೂರಿಸಿ. ಈಗ ಚೂಪು ಕೋನದ ತೊಂದರೆ ಇಲ್ಲ. ಆ ಕಡೆಯ ಧ್ವನಿತಂತು ಮತ್ತು ಆರಿಟನಾಯ್ಡ್ ಮಾತ್ರ ಕಾಣುತ್ತದೆ. ಚಲನೆ ನೋಡಿ, ಇನ್ನೊಂದು ಕಡೆಗೂ ಹಾಗೇ ಮಾಡಿ. ಎರಡನ್ನೂ ಒಟ್ಟಿಗೆ ಹೋಲಿಸಲಾಗುವುದಿಲ್ಲ ಎಂಬ ಕೊರತೆ ಇದೆ, ಅದನ್ನು ಕ್ಲಿಪ್ ತುಂಬಿಕೊಡುತ್ತದೆ. ಕುತ್ತಿಗೆಯ ಪಕ್ಕದಲ್ಲಿ ಕೆರೋಟಿಡ್ ರಕ್ತನಾಳ ಇದೆ, ಅದರ ಮೇಲೆ ಒತ್ತಡ ಹಾಕಬೇಡಿ.

ಕೆಳಗಿನ ತಗ್ಗಿನಿಂದ, ಅಂದರೆ ಕ್ರೈಕಾಯ್ಡ್‌ಗೂ ಥೈರಾಯ್ಡ್ ಕಾರ್ಟಿಲೇಜ್‌ಗೂ ನಡುವಿನ ಪೊರೆಯಿಂದ ಪ್ರೋಬನ್ನು ಮೇಲ್ಮುಖವಾಗಿ ಓರೆ ಮಾಡುವುದೂ ಒಂದು ದಾರಿ. ಪೊರೆಗೆ ಸುಣ್ಣದ ಅಡ್ಡಿ ಇಲ್ಲ. ಇಷ್ಟಾದರೂ ಸಿಗದಿದ್ದರೆ ನಿಲ್ಲಿಸಿ, ಕ್ಯಾಮೆರಾಗೆ ಕಳಿಸಿ.

ಹಂತ 7: ಕಲರ್ ಡಾಪ್ಲರ್, ಒಂದು ಚಿಕ್ಕ ಉಪಾಯ

ಫಾಲ್ಸ್ ಯಾವುದು, ಟ್ರೂ ಯಾವುದು ಎಂಬ ಗೊಂದಲ ಇದ್ದರೆ ಚಲನೆಯನ್ನು ಬಣ್ಣವಾಗಿ ತೋರಿಸುವ ಕಲರ್ ಡಾಪ್ಲರ್ ಹಾಕಿ ‘ಈ’ ಹೇಳಿಸಿ. ಕಂಪಿಸುವ ಧ್ವನಿತಂತುಗಳ ಅಂಚಿನಲ್ಲಿ ಬಣ್ಣ ಚೆಲ್ಲಿದಂತೆ ಕಾಣುತ್ತದೆ. ಅದು ರಕ್ತ ಅಲ್ಲ, ಕಂಪನದಿಂದ ಹುಟ್ಟಿದ್ದು. ಫಾಲ್ಸ್ ಕಾರ್ಡ್‌ಗಳು ಮಾಮೂಲಿ ಮಾತಿನಲ್ಲಿ ಕಂಪಿಸುವುದಿಲ್ಲ.

ಆದರೆ ಕಂಪನದ ಒಳಸೂಕ್ಷ್ಮ ಇದರಲ್ಲಿ ತಿಳಿಯುವುದಿಲ್ಲ. ಗಂಡಸರ ಧ್ವನಿತಂತು ಸೆಕೆಂಡಿಗೆ ಸುಮಾರು 100ರಿಂದ 125 ಸಲ, ಹೆಂಗಸರದು ಸುಮಾರು 200 ಸಲ ಕಂಪಿಸುತ್ತದೆ. ಸ್ಕ್ಯಾನಿಂಗ್ ಮೆಷಿನ್ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ಹತ್ತು ಚಿತ್ರ ಮಾತ್ರ ತೆಗೆಯುತ್ತದೆ. ಮೇಲ್ಪದರದ ಅಲೆ ಹೇಗೆ ಓಡುತ್ತಿದೆ ಎಂದು ತಿಳಿಯಬೇಕಾದರೆ ಮಿನುಗುವ ಬೆಳಕಿನಲ್ಲಿ ಕಂಪನವನ್ನು ನಿಧಾನವಾದಂತೆ ತೋರಿಸುವ ಸ್ಟ್ರೋಬೋಸ್ಕೋಪಿಯೇ ಬೇಕು. ಹಾಡುವವರು, ಪಾಠ ಮಾಡುವವರು ದನಿಯ ಸಣ್ಣ ವ್ಯತ್ಯಾಸಕ್ಕೆ ಬಂದಾಗ ಇದನ್ನು ನೇರವಾಗಿ ಹೇಳಿಬಿಡಿ.

ಹಂತ 8: ಗಡ್ಡೆ, ನೀರುಗುಳ್ಳೆ, ಗಾಳಿಚೀಲ

ಚಲನೆ ಮುಗಿದ ಮೇಲೆ ಆಕಾರ ನೋಡಿ. ದ್ರವ ತುಂಬಿದ ಸಿಸ್ಟ್ ಪೂರ್ತಿ ಕಪ್ಪು, ಅದರ ಹಿಂದಿನ ಭಾಗ ಹೆಚ್ಚು ಬೆಳ್ಳಗೆ. ಲ್ಯಾರಿಂಗೋಸೀಲ್ ಎಂಬ ಗಾಳಿಚೀಲ ಆದರೆ ಹೊಳೆಯುವ ಗೆರೆ ಮತ್ತು ಹಿಂದೆ ಮಬ್ಬು ನೆರಳು. ಮುಕ್ಕಿದಾಗ ಅದು ಉಬ್ಬುತ್ತದೆ. ಇಲ್ಲಿ ಅಲ್ಟ್ರಾಸೌಂಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಪಾಲಿಪ್ (ಧ್ವನಿತಂತುವಿನ ಮೇಲಿನ ಮೆದು ಉಬ್ಬು) ದೊಡ್ಡದಿದ್ದರೆ ಕಾಣಬಹುದು. ಜೋರಾಗಿ ದನಿ ಬಳಸುವವರಲ್ಲಿ ಎರಡೂ ಕಡೆ ಬರುವ ಸಣ್ಣ ನಾಡ್ಯೂಲ್‌ಗಳನ್ನು ದೊಡ್ಡವರಲ್ಲಿ ನಂಬಬೇಡಿ, ಕಂಡದ್ದನ್ನೂ ನಂಬಬೇಡಿ, ಕಾಣದ್ದನ್ನೂ ನಂಬಬೇಡಿ.

ಅಂಚು ಒರಟಾಗಿರುವ ಕಪ್ಪು ಗಡ್ಡೆ, ಆ ಕಡೆಯ ಧ್ವನಿತಂತು ಅಲ್ಲಾಡದಿರುವುದು, ಕಾರ್ಟಿಲೇಜ್‌ನ ಗೆರೆ ಮುರಿದಿರುವುದು ಇವು ಒಟ್ಟಿಗೆ ಸಿಕ್ಕರೆ ಕ್ಯಾನ್ಸರ್ ಅನುಮಾನ ಬರಬೇಕು. ತಕ್ಷಣ ಎರಡೂ ಕಡೆಯ ದುಗ್ಧಗ್ರಂಥಿಗಳನ್ನು ನೋಡಿ. ಎಷ್ಟು ಹರಡಿದೆ ಎಂಬುದಕ್ಕೆ ಸಿಟಿ ಅಥವಾ ಎಂಆರ್‌ಐ, ಏನು ಎಂಬುದಕ್ಕೆ ಬಯಾಪ್ಸಿ. ಮೇಲ್ಪದರದಲ್ಲಷ್ಟೇ ಇರುವ ಆರಂಭದ ಕ್ಯಾನ್ಸರ್ ಈ ಪರೀಕ್ಷೆಗೆ ಸಿಗುವುದಿಲ್ಲ.

ಮಕ್ಕಳಲ್ಲಿ

ಮಕ್ಕಳ ಕಾರ್ಟಿಲೇಜ್‌ನಲ್ಲಿ ಸುಣ್ಣ ಇಲ್ಲ. ಚಿತ್ರ ಅಷ್ಟು ಸ್ಪಷ್ಟವಾಗಿ ಬರುತ್ತದೆ ಎಂದರೆ ಈ ಪರೀಕ್ಷೆ ಮಕ್ಕಳಿಗೆಂದೇ ಇದೆಯೇನೋ ಅನ್ನಿಸುತ್ತದೆ. ಮಂಪರು ಬರಿಸುವ ಔಷಧ ಬೇಡ, ವಿಕಿರಣ ಇಲ್ಲ. ಹೃದಯದ ಆಪರೇಷನ್ ಆದ ಎಳೆ ಕೂಸುಗಳಲ್ಲಿ ಎಡ ನರಕ್ಕೆ ಪೆಟ್ಟಾಗಿದೆಯೇ ಎಂದು ನೋಡಲು ಇದು ಒಳ್ಳೆಯ ದಾರಿ.

ಮಗು ಅಮ್ಮನ ಮಡಿಲಲ್ಲೇ ಇರಲಿ. ಜೆಲ್ ಬೆಚ್ಚಗಿರಲಿ. ‘ಈ’ ಹೇಳು ಎಂದರೆ ಕೂಸು ಹೇಳುತ್ತದೆಯೇ? ಅಳು ಸಾಕು. ಅಳುವಾಗ ಮುಚ್ಚುತ್ತದೆ, ನಡುವೆ ಉಸಿರೆಳೆದಾಗ ತೆರೆಯುತ್ತದೆ. ಸಣ್ಣ ಪ್ರೋಬ್ ಇದ್ದರೆ ಒಳ್ಳೆಯದು, ಕೂಸಿನ ಕುತ್ತಿಗೆಯಲ್ಲಿ ದೊಡ್ಡದಕ್ಕೆ ಜಾಗವೇ ಇರುವುದಿಲ್ಲ. ಹುಟ್ಟಿದಾಗಿನಿಂದ ಉಸಿರಿನಲ್ಲಿ ಸದ್ದಿರುವ ಮಗುವಿಗೆ ಕ್ರೈಕಾಯ್ಡ್ ಮಟ್ಟವನ್ನೂ ನೋಡಿ. ಅಲ್ಲಿ ರಕ್ತನಾಳಗಳ ಗಡ್ಡೆ ಇದ್ದರೆ ಡಾಪ್ಲರ್‌ನಲ್ಲಿ ರಕ್ತದ ಓಟ ಸಿಗುತ್ತದೆ.

ಥೈರಾಯ್ಡ್ ಆಪರೇಷನ್ ನಂತರ

ಗಾಯ ಕುತ್ತಿಗೆಯ ಕೆಳಭಾಗದಲ್ಲಿ ಇರುತ್ತದೆ, ನಮಗೆ ಬೇಕಾದ ಜಾಗ ಅದಕ್ಕಿಂತ ಮೇಲೆ. ಹಾಗಾಗಿ ಡ್ರೆಸ್ಸಿಂಗ್ ಬಿಚ್ಚದೆಯೂ ಬಹಳ ಸಲ ನೋಡಬಹುದು. ಸ್ಟೆರೈಲ್ ಜೆಲ್, ಪ್ರೋಬ್‌ಗೆ ಸ್ಟೆರೈಲ್ ಕವರ್ ಇರಲಿ. ಚರ್ಮದಡಿ ಗಾಳಿ ಸೇರಿದ್ದರೆ, ಊತ ಇದ್ದರೆ ಚಿತ್ರ ಕೆಡುತ್ತದೆ. ಕೆಲವು ದಿನ ಬಿಟ್ಟು ಮತ್ತೆ ನೋಡಿ. ಆಪರೇಷನ್‌ಗೆ ಮೊದಲಿನ ಕ್ಲಿಪ್ ಇದ್ದರೆ ಕೆಲಸ ಅರ್ಧ ಆದಂತೆ. ಮೊದಲೇ ಇದ್ದ ತೊಂದರೆಯೋ ಆಮೇಲೆ ಬಂದದ್ದೋ ಎಂಬ ವಾದಕ್ಕೆ ಜಾಗ ಇರುವುದಿಲ್ಲ.

ದನಿ ಕೆಟ್ಟಿದೆ, ಆದರೆ ಎರಡೂ ಕಡೆ ಚೆನ್ನಾಗಿ ಅಲ್ಲಾಡುತ್ತಿದೆ ಅಂದುಕೊಳ್ಳಿ. ಟ್ಯೂಬ್‌ನಿಂದಾದ ಊತ ಇರಬಹುದು. ಮೇಲಿನ ಲ್ಯಾರಿಂಜಿಯಲ್ ನರದ ಹೊರ ಕವಲಿಗೆ ಪೆಟ್ಟಾಗಿರಬಹುದು. ಆ ಕವಲು ಶ್ರುತಿ ಏರಿಸುವ ಕ್ರೈಕೋಥೈರಾಯ್ಡ್ ಸ್ನಾಯುವಿನದು. ದನಿ ಏರಿಸಲಾಗದೆ ಬೇಗ ಸುಸ್ತಾಗುವುದು ಅದರ ಲಕ್ಷಣ. ಅಲ್ಟ್ರಾಸೌಂಡ್ ಅದನ್ನು ಸುಲಭವಾಗಿ ಹಿಡಿಯುವುದಿಲ್ಲ.

ವರದಿ ಬರೆಯುವುದು

ವರದಿಯ ಮೊದಲ ಸಾಲಿನಲ್ಲೇ ಏನೇನು ಕಂಡಿತು ಎಂದು ಬರೆಯಿರಿ. ಬಲ ಆರಿಟನಾಯ್ಡ್ ಕಂಡಿತು, ಎಡದ್ದು ಕಂಡಿತು, ಧ್ವನಿತಂತುಗಳ ಮುಂದಿನ ತುದಿ ಕಾಣಲಿಲ್ಲ ಎಂಬಂತೆ. ‘ಕಾಣಲಿಲ್ಲ’ ಬೇರೆ, ‘ಅಲ್ಲಾಡಲಿಲ್ಲ’ ಬೇರೆ, ‘ಸರಿಯಿದೆ’ ಬೇರೆ. ಕಾಣದ್ದನ್ನು ಸರಿಯಿದೆ ಎಂದು ಬರೆಯುವ ಅಭ್ಯಾಸ ಬೇರೆ ಸ್ಕ್ಯಾನ್‌ಗಳಲ್ಲಿ ಹೇಗೋ ನಡೆದುಹೋಗುತ್ತದೆ. ಇಲ್ಲಿ ಅದನ್ನು ಓದಿ ಸರ್ಜನ್ ಮುಂದಿನ ಆಪರೇಷನ್ ತೀರ್ಮಾನಿಸುತ್ತಾರೆ.

ಆಮೇಲೆ ಮೂರೂ ಸ್ಥಿತಿಯ ಚಲನೆ, ಪ್ರತಿ ಕಡೆಗೂ ಪ್ರತ್ಯೇಕವಾಗಿ: ಉಸಿರಲ್ಲಿ, ದನಿಯಲ್ಲಿ, ಮುಕ್ಕಿದಾಗ. ಯಾವ ದಾರಿಯಿಂದ ನೋಡಿದಿರಿ ಎಂಬುದು. ಗಡ್ಡೆ ಇದ್ದರೆ ಅಳತೆ. ಮುಂದೆ ಲ್ಯಾರಿಂಗೋಸ್ಕೋಪಿ ಬೇಕೇ ಎಂಬುದು.

ಚಲನೆ ಇಲ್ಲ ಎಂದು ಸಿಕ್ಕಾಗ, ಕಾರಣ ಗೊತ್ತಿಲ್ಲದಿದ್ದರೆ, ಪ್ರೋಬ್ ಕೈಯಲ್ಲಿ ಇರುವಾಗಲೇ ಥೈರಾಯ್ಡ್ ಮತ್ತು ಕುತ್ತಿಗೆಯ ಗ್ರಂಥಿಗಳನ್ನು ನೋಡಿಬಿಡಿ. ಅಲ್ಲಿ ಏನೂ ಇಲ್ಲದಿದ್ದರೆ ತಲೆಬುರುಡೆಯ ಬುಡದಿಂದ ಎದೆಯವರೆಗೆ, ನರ ಓಡುವ ಪೂರ್ತಿ ದಾರಿಯ ಸಿಟಿ ಆಗಬೇಕು ಎಂದು ಸೂಚಿಸಿ. ಎಡಗಡೆಯದಾದರೆ ಇದನ್ನು ಬಿಡಲೇಬಾರದು.

ನರಕ್ಕೆ ಪೆಟ್ಟಾಗಿದ್ದರೂ ಕಡಿದುಹೋಗಿಲ್ಲದಿದ್ದರೆ ಬಹಳ ಜನರಲ್ಲಿ 6ರಿಂದ 12 ತಿಂಗಳೊಳಗೆ ಚಲನೆ ವಾಪಸ್ ಬರುತ್ತದೆ. ಈ ಕಾಯುವ ಕಾಲದಲ್ಲಿ ಅಲ್ಟ್ರಾಸೌಂಡ್ ತುಂಬಾ ಅನುಕೂಲ, ಎಷ್ಟು ಸಲ ಬೇಕಾದರೂ ಮಾಡಬಹುದು. ಪ್ರತಿ ಸಲ ಅದೇ ಡೆಪ್ತ್, ಅದೇ ಮಟ್ಟ, ಅದೇ ಕ್ರಮ ಇರಲಿ. ಹಳೆಯ ಕ್ಲಿಪ್ಪನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡಿ. ಮೊದಲು ಮರಳುವುದು ಕೆಲವರಲ್ಲಿ ದನಿ, ಚಲನೆ ಆಮೇಲೆ. ಇನ್ನು ಕೆಲವರಲ್ಲಿ ಇನ್ನೊಂದು ಕಡೆಯ ಧ್ವನಿತಂತು ಹೊಂದಿಕೊಂಡು ದನಿ ಮಾತ್ರ ಸುಧಾರಿಸುತ್ತದೆ, ನಿಂತದ್ದು ನಿಂತೇ ಇರುತ್ತದೆ. ಹಾಗಾಗಿ ‘ದನಿ ಈಗ ಪರವಾಗಿಲ್ಲ’ ಎಂದು ರೋಗಿ ಹೇಳಿದ ಮೇಲೂ ಒಂದು ಸಲ ಸ್ಕ್ಯಾನ್ ಮಾಡಿ, ಚಲನೆ ಬಂದಿದೆಯೇ ಇಲ್ಲವೇ ಎಂದು ದಾಖಲಿಸಿ. ಮುಂದೆ ಎಂದಾದರೂ ಇನ್ನೊಂದು ಕಡೆಯ ಆಪರೇಷನ್ ಬಂದರೆ ಆ ಒಂದು ಸಾಲು ಬೇಕಾಗುತ್ತದೆ.